ಮೇಸ್ತ್ರಿ ಹಾಕಿದ ನಾಲ್ಕು ನಟ್ಟು

ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಕಾರಿನ ಸೀಟಿದೆ, ಕಾರಿಲ್ಲ. ಸೀಟಿನ ಮುಂದೆ ಸ್ಟೇರಿಂಗ್ ಇದೆ, ಕೆಳಗೆ ಪೆಡಲ್‌ಗಳಿವೆ, ಎದುರಿಗೆ ಕಂಪ್ಯೂಟರು, ಅದರ ಹಿಂದೆ ಗೋಡೆ. ಹೊಸದಾಗಿ ಬಂದ ನೆಂಟರು ಇದನ್ನು ನೋಡಿ, ಈ ಮನೆಯಲ್ಲಿ ಯಾರಿಗೋ ತಲೆ ಕೆಟ್ಟಿರಬೇಕು ಎಂದುಕೊಂಡು, ಅದು ಯಾರಿಗೆ ಎಂದು ನನ್ನ ತಾಯಿಯನ್ನು ಮೆಲ್ಲಗೆ ವಿಚಾರಿಸುವುದುಂಟು. ಅಮ್ಮ ನನ್ನ ಕಡೆ ಕೈ ತೋರಿಸುತ್ತಾಳೆ. ತಲೆಯ ಮೇಲೆ ಅಟ್ಟದ ತುಂಬ ತೆಂಗಿನಕಾಯಿ, ಪಕ್ಕದಲ್ಲಿ ದೇವರಮನೆ, ಇವೆರಡರ ನಡುವೆ ಈ ಗಾಡಿ ನಿಂತು ನಾಲ್ಕು ವರ್ಷವಾಯಿತು.

ಇದನ್ನು ಮಾಡಿಕೊಟ್ಟವರು ತೀರಿಹೋಗಿ ಮೊನ್ನೆಗೆ ನಲವತ್ತು ದಿನ. ತಿಪಟೂರಿನ ಮಾರ್ಕೆಟ್ ಯಾರ್ಡಿನ ಹಿಂದಿನ ಬೀದಿಯಲ್ಲಿ ಅವರ ಗ್ಯಾರೇಜಿತ್ತು. ಊರೆಲ್ಲ ಅವರನ್ನು ಮೇಸ್ತ್ರಿ ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಹೆಸರು ನನಗೆ ಚೆನ್ನಾಗಿ ಗೊತ್ತು, ಆದರೆ ಬರೆಯುವುದಿಲ್ಲ. ಬದುಕಿದ್ದಾಗ ಒಂದು ದಿನವೂ ಮನೆಯೊಳಗೆ ಕರೆಯದವನು, ಸತ್ತ ಮೇಲೆ ಅವರ ಹೆಸರು ಬರೆದು ದೊಡ್ಡವನಾಗಲು ಹೋಗಬಾರದು.

ಕಥೆ ಶುರುವಾದದ್ದು ನನ್ನ ಪೆದ್ದುತನದಿಂದ. ಅಪ್ಪನ ಕೊಬ್ಬರಿ ಮಂಡಿಯಲ್ಲಿ ಹಗಲೆಲ್ಲ ಕೂತು ಬೇಸತ್ತಿದ್ದ ನನಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಹುಚ್ಚು ಹಿಡಿದಿತ್ತು. ಈಗ ಅದಕ್ಕೆ ಸಿಮ್ ರೇಸಿಂಗ್ ಎಂಬ ಹೆಸರು ಬಂದಿದೆ. ಅಪ್ಪ ಅದನ್ನು ದಂಡದ ಕೆಲಸ ಎನ್ನುತ್ತಿದ್ದರು. ಕೀಬೋರ್ಡಿನ ಗುಂಡಿ ಒತ್ತಿ ಒತ್ತಿ ಸಾಕಾಗಿ, ಸ್ಟೇರಿಂಗ್ ತರಲು ಬೆಂಗಳೂರಿಗೆ ಹೋದೆ. ಅಂಗಡಿಯವನು ಒಂದೇ ಥರದ ಎರಡು ಸ್ಟೇರಿಂಗ್ ತೆಗೆದು ಮುಂದಿಟ್ಟ. ನಾನು ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ನಮ್ಮ ಕಡೆ ಕಾಯನ್ನು ಅಟ್ಟಕ್ಕೆ ಹಾಕಿ ಒಂದು ವರ್ಷ ಬಿಟ್ಟು, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ನೋಡುವುದು ಹಾಗೆಯೇ. ಲೊಟಲೊಟ ಎಂದರೆ ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದೆ, ಮಾಲು ಒಳ್ಳೆಯದು. ಎರಡು ಸ್ಟೇರಿಂಗುಗಳಲ್ಲಿ ಒಂದು ಲೊಟಲೊಟ ಎಂದಿತು. ಕೈ ತಾನಾಗಿ ಅದನ್ನೇ ಆರಿಸಿಕೊಂಡಿತು. ಅಂಗಡಿಯವನು ನನ್ನನ್ನು ನೋಡಿದ ನೋಟದ ಅರ್ಥ ಅವತ್ತು ಆಗಲಿಲ್ಲ.

ಮನೆಗೆ ತಂದು ಮೇಜಿಗೆ ಸಿಗಿಸಿ ತಿರುಗಿಸಿದರೆ, ನಾನು ಎಡಕ್ಕೆ ಎಳೆದ ಎಷ್ಟೋ ಹೊತ್ತಿನ ಮೇಲೆ ಕಾರು ಎಡಕ್ಕೆ ಹೋಗುತ್ತಿತ್ತು. ಜೋರಾಗಿ ಎಳೆದರೆ ಮೇಜೇ ನನ್ನ ಮೇಲೆ ಬರುತ್ತಿತ್ತು. ಮಂಡಿಯ ವ್ಯಾನು ರಿಪೇರಿಗೆಂದು ಮೇಸ್ತ್ರಿಯ ಗ್ಯಾರೇಜಿನಲ್ಲೇ ಇತ್ತು. ಸ್ಟೇರಿಂಗನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದೆ. ಅವರು ಸೀಮೆಎಣ್ಣೆಯಲ್ಲಿ ಕೈ ತೊಳೆದು, ಬಟ್ಟೆಯಲ್ಲಿ ಬೆರಳು ಬೆರಳನ್ನೂ ಒರೆಸಿಕೊಂಡು ಅದನ್ನು ತಗೊಂಡರು. ತಗೊಳ್ಳುವಾಗಲೇ ಒಳಗಿನ ಸದ್ದು ಕೇಳಿತು. ನಾನು ಆರಿಸಿದ ಬಗೆಯನ್ನು ಹೆಮ್ಮೆಯಿಂದ ಹೇಳಿದೆ. ಮೇಸ್ತ್ರಿ ನಗುವಾಗ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಅವತ್ತು ಬಹಳ ಹೊತ್ತು ಕುಣಿಯಿತು.

"ಸಣ್ ಸಾವ್ಕಾರ್ರೇ, ಕೊಬ್ರಿ ಆದ್ರೆ ಅಲ್ಲಾಡ್ಬೇಕು. ಸ್ಟೇರಿಂಗ್ ಅಲ್ಲಾಡಬಾರ್ದು ಕಣ್ರೀ" ಎಂದರು.

ಆಮೇಲೆ ಇದು ಯಾತಕ್ಕೆ ಎಂದು ಕೇಳಿದರು. ನಾನು ಆಟವನ್ನು ವಿವರಿಸಿದೆ. ಅವರು ಸ್ಕ್ರೂ ಬಿಚ್ಚುತ್ತಲೇ ಒಂದೊಂದಾಗಿ ಪ್ರಶ್ನೆ ಹಾಕಿದರು.

"ಓಡೋದು ಏನು ಹಂಗಾದ್ರೆ?"

"ಏನೂ ಓಡಲ್ಲ ಮೇಸ್ತ್ರಿ. ಪರದೆ ಮೇಲೆ ರಸ್ತೆ ಬತ್ತದೆ. ನಾವು ಕೂತಲ್ಲೇ ಕೂತಿರ್ತೀವಿ."

"ಎಲ್ಲಾದ್ರೂ ಹೋಗಿ ಗುದ್ದುದ್ರೆ?"

"ಏನೂ ಆಗಲ್ಲ. ಮೊದ್ಲಿಂದ ಶುರು ಮಾಡೋದು."

"ಯಾರ್ಗೂ ಏನೂ ಆಗಲ್ವಾ?"

"ಯಾರ್ಗೆ ಆಗ್ಬೇಕು? ಯಾರೂ ಇರೋದೇ ಇಲ್ವಲ್ಲ."

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಬೀದಿಯ ಕಡೆ ನೋಡಿದರು. ಯಾಕೆ ಎಂದು ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು.

ಗ್ಯಾರೇಜು ಹಾಕುವುದಕ್ಕೆ ಮುಂಚೆ ಮೇಸ್ತ್ರಿ ಲಾರಿ ಓಡಿಸುತ್ತಿದ್ದರು. ಕೊಬ್ಬರಿ ತುಂಬಿಕೊಂಡು ಉತ್ತರಕ್ಕೆ ವಾರಗಟ್ಟಲೆ ಹೋಗಿಬರುವ ಲಾರಿ. ಒಮ್ಮೆ ಹುಳಿಯಾರಿನ ಹತ್ತಿರ ಟೈರಿಗೆ ಗಾಳಿ ತುಂಬುವಾಗ ಚಕ್ರದ ರಿಂಗು ಹಾರಿ ಮುಖಕ್ಕೆ ಹೊಡೆದು ಬಲಗಣ್ಣು ಹೋಯಿತು. ಗಾಯ ಮಾಯ್ದ ಮೇಲೆ ಮಾಲೀಕರು ಪರವಾಗಿಲ್ಲ, ಓಡಿಸು ಎಂದರಂತೆ. ಇವರೇ ಕೀಲಿಕೈ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟು ಬಂದರು. "ಒಂದ್ ಕಣ್ಣಲ್ಲಿ ಹತ್ರ ಯಾವ್ದು ದೂರ ಯಾವ್ದು ಸರ್ಯಾಗ್ ತಿಳಿಯಲ್ಲ ಕಣ್ರೀ. ಯಾರ್ದೋ ಮಗ ಅಡ್ಡ ಬಂದ್ರೆ ಏನ್ ಮಾಡ್ಲಿ?" ಎಂದು ಒಂದೇ ಸಲ ನನ್ನ ಹತ್ತಿರ ಹೇಳಿದ್ದರು. ಅವತ್ತಿನಿಂದ ಅವರು ಯಾವ ಗಾಡಿಯನ್ನೂ ಓಡಿಸಲಿಲ್ಲ. ಗ್ಯಾರೇಜಿನಿಂದ ಬೀದಿಗೆ ತರುವಷ್ಟು ದೂರಕ್ಕೂ ಬೇರೆಯವರೇ ಬೇಕು.

ರಿಪೇರಿಯಾದ ಗಾಡಿಯನ್ನು ಪರೀಕ್ಷೆ ಮಾಡಬೇಕಾದರೆ ಅದರ ಮಾಲೀಕನನ್ನೇ ಓಡಿಸಲು ಕೂರಿಸಿ ತಾವು ಎಡಗಡೆ ಕೂರುತ್ತಿದ್ದರು. ನಮ್ಮ ವ್ಯಾನನ್ನು ಹಾಗೆ ನಾನು ಕಿಬ್ಬನಹಳ್ಳಿವರೆಗೂ ಓಡಿಸಿಕೊಂಡು ಹೋಗಿ ಬಂದದ್ದುಂಟು. ಎಮ್ಮೆ ಅಡ್ಡ ಬಂದಾಗ, ಬಸ್ಸು ಎದುರಾದಾಗ, ಅವರ ಬಲಗಾಲು ತನ್ನಷ್ಟಕ್ಕೆ ಮುಂದೆ ಚಾಚಿ ಬರಿ ನೆಲವನ್ನು ಒತ್ತುತ್ತಿತ್ತು. ನಾನು ಬ್ರೇಕ್ ಹಿಡಿಯುವುದಕ್ಕೆ ಒಂದು ಗಳಿಗೆ ಮುಂಚೆಯೇ ಅವರು ಒತ್ತಿರುತ್ತಿದ್ದರು. ನಾನು ಅದನ್ನು ಗಮನಿಸಿ ನಕ್ಕಾಗ, "ಕಾಲ್ಗೆ ಇನ್ನೂ ಹೇಳಿಲ್ಲ ಸಾವ್ಕಾರ್ರೇ, ಕಣ್ ಹೋಗ್ಯದೆ ಅಂತ" ಎಂದಿದ್ದರು.

ಇಂಥವರ ಮುಂದೆ ನಾನು ಆಟದ ಕಾರಿಗೆ ಏನೇನು ಬೇಕು ಎಂದು ಪಟ್ಟಿ ಓದಿದೆ. ಚರ್ಮದ ಹೊದಿಕೆಯ ದೊಡ್ಡ ಸ್ಟೇರಿಂಗು, ಕೆಂಪು ಬಣ್ಣದ ರೇಸಿನ ಸೀಟು, ಇನ್ನೂ ದೊಡ್ಡ ಪರದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಬ್ರೇಕ್ ಎಲ್ಲಿ ಎಂದರು. ಸ್ಟೇರಿಂಗಿನ ಜೊತೆಗೆ ಬಂದಿದ್ದ ಪ್ಲಾಸ್ಟಿಕ್ ಪೆಡಲ್ ತೋರಿಸಿದೆ. ಅವರು ಅದನ್ನು ಒಂದೇ ಬೆರಳಿನಲ್ಲಿ ತಳ ಮುಟ್ಟಿಸಿ ನನ್ನ ಮುಖ ನೋಡಿದರು.

"ಪೆಡ್ಲು ಎಷ್ಟ್ ದೂರ ಹೋಯ್ತು ಅಂತ ಕಾಲ್ಗೆ ನೆಪ್ಪಿರಲ್ಲ. ಎಷ್ಟ್ ಬಲ ಹಾಕ್ದೆ ಅಂತ ನೆಪ್ಪಿರ್ತದೆ. ಮೊದ್ಲು ಬ್ರೇಕ್ ಮಾಡಣ. ಆಮೇಲೆ ಸೀಟು. ಸ್ಟೇರಿಂಗ್ ಕೊನೇಗೆ. ಇರೋದ್ನೇ ಸರಿ ಮಾಡ್ಕೊಡ್ತೀನಿ ಬುಡಿ."

ಗುಜರಿಗೆ ಬಂದಿದ್ದ ವ್ಯಾನೊಂದರ ಬ್ರೇಕ್ ಪೆಡಲ್ ಬಿಚ್ಚಿ ತಂದರು. ಅದರ ಹಿಂದೆ ಸ್ಪ್ರಿಂಗಿನ ಬದಲು ಲಾರಿಯ ರಬ್ಬರು ಕೂರಿಸಿದರು. ಒಂದು ರಬ್ಬರು ಗಟ್ಟಿಯಾಯಿತು, ಇನ್ನೊಂದು ಮೆತ್ತಗಾಯಿತು, ಮೂರನೆಯದನ್ನು ಚಾಕುವಿನಿಂದ ಕೆತ್ತಿ ಕೆತ್ತಿ ಹದಕ್ಕೆ ತಂದರು. ಪ್ರತಿಸಲವೂ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ತಮ್ಮ ಕಾಲಿನಿಂದಲೇ ಒತ್ತಿ ನೋಡುತ್ತಿದ್ದರು. ಸೀಟು ಸಹ ಅದೇ ವ್ಯಾನಿನದು. ಇದೇನು ಇಷ್ಟು ಗಟ್ಟಿ ಎಂದು ನಾನು ಮುಖ ಸಿಂಡರಿಸಿದ್ದಕ್ಕೆ, ಮೆತ್ತನೆ ಸೀಟು ಬೇಕಾದರೆ ಮಂಡಿಯಲ್ಲಿ ಹಾಕಿಕೊಳ್ಳಿ ಎಂದರು. ನನ್ನನ್ನು ಅದರಲ್ಲಿ ಕೂರಿಸಿ, ಮೊಣಕಾಲು ಎಷ್ಟು ಬಾಗುತ್ತದೆ, ಮೊಣಕೈ ಎಲ್ಲಿಗೆ ಬರುತ್ತದೆ ಎಂದು ದರ್ಜಿಯ ಹಾಗೆ ಅಳತೆ ತೆಗೆದುಕೊಂಡರು.

ನನ್ನ ಅಳತೆ ಆಯಿತು. ಇನ್ನು ಕೋಣೆಯ ಅಳತೆ ಬೇಕು. "ನಾಳೆ ಬಂದು ನೋಡ್ಕೊಂಡ್ ಬತ್ತೀನಿ" ಎಂದು ಅವರು ಬಾಯಿ ತೆರೆಯುವುದಕ್ಕೆ ಮೊದಲೇ ನಾನು, "ನಾನೇ ಅಳತೆ ತತ್ತೀನಿ ಮೇಸ್ತ್ರಿ, ನೀವ್ಯಾಕೆ ಅಷ್ಟು ದೂರ ಬತ್ತೀರಾ" ಎಂದೆ. ತುರುವೇಕೆರೆ ದಾರಿಯಲ್ಲಿ ತೋಟದ ಅಂಚಿಗೆ ನಮ್ಮ ಮನೆ. ಬಸ್ಸಿನಲ್ಲಿ ಕಾಲು ಗಂಟೆಯೂ ಇಲ್ಲ. ಅವರು ನನ್ನನ್ನು ಒಂದು ಸಲ ನೋಡಿ, "ಆಯ್ತು, ಹುರೀಲಿ ಅಳ್ದು ಗಂಟ್ ಹಾಕ್ಕೊಂಡ್ ಬನ್ನಿ. ಬಾಗ್ಲದ್ದೂ ಅಳೀರಿ" ಎಂದರು.

ನಮ್ಮ ಮನೆಯ ನಡುಕೋಣೆಗೆ ಹೋಗಬೇಕಾದರೆ ದೇವರಮನೆಯ ಬಾಗಿಲು ದಾಟಿ ಹೋಗಬೇಕು. ಅಜ್ಜನ ಕಾಲದಿಂದಲೂ ಮೇಸ್ತ್ರಿಯಂಥ ಸಾಬರು ಬಂದರೆ ಜಗಲಿಯಲ್ಲಿ ಕೂರುತ್ತಿದ್ದರು. ಅವರಿಗೆ ಕಾಫಿ ಕೊಡುವ ಲೋಟ ಜಗಲಿಯ ಕಿಟಕಿಯಲ್ಲೇ ಇರುತ್ತಿತ್ತು. ಅವರೇ ಕುಡಿದು, ತೊಳೆದು, ಅಲ್ಲೇ ಬೋರಲು ಹಾಕುತ್ತಿದ್ದರು. ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಯಾರೂ ಹೇಳದಿದ್ದರೂ ನಾನು ತೆಂಗಿನ ನಾರಿನ ಹುರಿ ತಗೊಂಡು ಕೋಣೆಯ ಉದ್ದಕ್ಕೆ ಒಂದು ಗಂಟು, ಅಗಲಕ್ಕೆ ಒಂದು ಗಂಟು, ಬಾಗಿಲಿಗೆ ಒಂದು ಗಂಟು ಹಾಕಿಕೊಂಡು ಹೋಗಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ತಗೊಂಡು ಗೋಡೆಯ ಮೊಳೆಗೆ ನೇತುಹಾಕಿದರು. ನಮ್ಮ ಮನೆಯ ಒಳಗಿನದನ್ನು ಅವರು ನೋಡಿದ್ದು ಆ ಹುರಿಯಲ್ಲಿ ಇದ್ದಷ್ಟೇ.

ಬಾಗಿಲು ಹಳೆಯ ಕಾಲದ್ದು, ಬಹಳ ಕಿರಿದು. ಹಾಗಾಗಿ ಕಬ್ಬಿಣದ ಚೌಕಟ್ಟನ್ನು ಎರಡು ಭಾಗವಾಗಿ ಮಾಡಿದರು. ಸೀಟಿನದೊಂದು, ಸ್ಟೇರಿಂಗ್ ಮತ್ತು ಪೆಡಲ್ಲಿನದೊಂದು. ಮಿಕ್ಕ ಎಲ್ಲ ಕಡೆ ವೆಲ್ಡಿಂಗ್ ಮಾಡಿ, ಈ ಎರಡು ಭಾಗ ಸೇರುವ ಕಡೆ ಮಾತ್ರ ನಾಲ್ಕು ಬೋಲ್ಟು ಹಾಕಿ, ಸ್ಪ್ಯಾನರ್ ಇಲ್ಲದೆ ಬರಿಗೈಯಲ್ಲಿ ತಿರುಗಿಸಿ ಬಿಚ್ಚುವಂಥ ಕಿವಿಯಿರುವ ನಟ್ಟು ಕೂರಿಸಿದರು. ಆ ನಟ್ಟುಗಳನ್ನು ಎಣ್ಣೆ ಹಚ್ಚಿ ಅಷ್ಟು ನಯ ಮಾಡಿದ್ದರು, ಸಣ್ಣ ಮಗು ಕೂಡ ಬಿಚ್ಚಬಹುದಿತ್ತು.

ಲಗೇಜ್ ಆಟೋದಲ್ಲಿ ತಾವೇ ಜೊತೆಗೆ ಕೂತು ತಂದರು. ಜಗಲಿಯ ಮೇಲೆ ಇಳಿಸಿದರು. ಒಳಕ್ಕೆ ನಾನೂ ಅಪ್ಪನೂ ಸಾಗಿಸಿದೆವು. ಅಪ್ಪ ಗೊಣಗಿಕೊಂಡೇ ಒಂದು ತುದಿ ಹಿಡಿದರು. ಮೇಸ್ತ್ರಿ ಜಗಲಿಯ ಕಂಬಕ್ಕೆ ಒರಗಿ ನಿಂತು ಹೊರಗಿನಿಂದಲೇ ಕೂಗಿ ಹೇಳುತ್ತಿದ್ದರು. "ಹಿಂದ್ಗಡೆ ನಟ್ಟು ಮೊದ್ಲು ಬಿಗಿ ಮಾಡಿ. ಹಾಂ. ಈಗ ಬ್ರೇಕ್ ಒತ್ತಿ, ಕೇಳ್ತೀನಿ." ನಾನು ಒಳಗೆ ಒತ್ತಿದೆ. "ಇನ್ನೊಂದ್ಸಲ. ಎಡಗಡೆ ಸಡ್ಲ ಅದೆ ನೋಡಿ." ಬಗ್ಗಿ ನೋಡಿದರೆ ಎಡಗಡೆ ಒಂದು ನಟ್ಟು ನಿಜವಾಗಿಯೂ ಸಡಿಲವಿತ್ತು. ಬಿಗಿ ಮಾಡಿ ಮತ್ತೆ ಒತ್ತಿದೆ. "ಹಾಂ, ಈಗ ಸರಿ ಹೋಯ್ತು" ಎಂದು ಜಗಲಿಯಿಂದ ಕೇಳಿಸಿತು. ಮೂರು ಗೋಡೆಯಾಚೆ ನಿಂತು ತಾವು ಮಾಡಿದ ಬ್ರೇಕನ್ನು ಕಿವಿಯಲ್ಲಿ ಸರಿ ಮಾಡಿಸಿದರು. ನಾನು ಅವರ ಈ ಜಾಣತನವನ್ನು ಎಷ್ಟೋ ದಿನ ಎಲ್ಲರ ಹತ್ತಿರ ಹೊಗಳಿಕೊಂಡು ತಿರುಗಿದೆ. ಅವರು ಹೊರಗೆ ಯಾಕೆ ನಿಂತಿದ್ದರು ಎಂದು ಕೇಳಿದವರು ನಮ್ಮವರಲ್ಲಿ ಒಬ್ಬರೂ ಇಲ್ಲ.

ಕಿಟಕಿಯ ಲೋಟದಲ್ಲಿ ಕಾಫಿ ಕುಡಿಯುತ್ತ ಮೇಸ್ತ್ರಿ ಜಗಲಿಯ ಗೋಡೆಯನ್ನು ನೋಡಿ, "ಈ ಪ್ಲಗ್ಗಲ್ಲಿ ಕರೆಂಟ್ ಬತ್ತದಾ?" ಎಂದು ಕೇಳಿದರು.

"ಬತ್ತದೆ. ಯಾಕೆ ಮೇಸ್ತ್ರಿ?"

"ಸುಮ್ಕೆ ಕೇಳ್ದೆ."

ಹೋಗುವಾಗ ಜಗಲಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೆಜ್ಜೆ ಹಾಕಿಕೊಂಡು ಹೋದರು. ವಯಸ್ಸಾದವರು, ಕಾಲು ಜೋಮು ಹಿಡಿದಿರಬೇಕು ಎಂದುಕೊಂಡೆ.

ಅದಾದ ಮೇಲೆ ಗ್ಯಾರೇಜಿನ ಮುಂದೆ ಹಾದುಹೋದಾಗಲೆಲ್ಲ ಅವರು ನನ್ನನ್ನು ನಿಲ್ಲಿಸಿ ವಿಚಾರಿಸುವರು. ಬ್ರೇಕ್ ಹೇಗಿದೆ, ರಬ್ಬರು ಸವೆಯಿತೇ, ತಿರುವಿನಲ್ಲಿ ಎಷ್ಟು ದೂರದಿಂದ ಹಿಡಿಯುತ್ತೀರಿ. ನಾನು ಉತ್ಸಾಹದಿಂದ ಹೇಳುವೆ. ಒಂದು ದಿನ, ಕಾರ್ಬುರೇಟರ್ ಒಂದನ್ನು ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದರು:

"ಪರದೆ ಅಂದ್ರೆ ಚಪ್ಪಟೆ ಅಲ್ವಾ ಸಾವ್ಕಾರ್ರೇ? ಹತ್ರದ್ದೂ ದೂರದ್ದೂ ಎಲ್ಲಾ ಒಂದೇ ಕಡೆ ಇರ್ತದೆ. ನಂಗನ್ಸ್ತದೆ, ಅದ್ಕೆ ಒಂದ್ ಕಣ್ಣು ಸಾಕು ಅಂತ."

ಅವರು ಏನು ಕೇಳುತ್ತಿದ್ದಾರೆ ಎಂದು ನನಗೆ ಅರ್ಥವಾಗಲಿಲ್ಲ ಎಂದು ಹೇಳಿಕೊಂಡರೆ ಅದು ಸುಳ್ಳು. ಪೂರ್ತಿ ಅರ್ಥವಾಯಿತು. ಇಪ್ಪತ್ತು ವರ್ಷದಿಂದ ಬರಿ ನೆಲ ಒತ್ತಿದ ಕಾಲು ಒಂದು ಸಲ ನಿಜವಾದ ಬ್ರೇಕ್ ಒತ್ತಬೇಕು ಎನ್ನುತ್ತಿತ್ತು. ಯಾರಿಗೂ ಏನೂ ಆಗದ ರಸ್ತೆ ಅದೊಂದೇ. ನನ್ನ ಕಣ್ಣ ಮುಂದೆ ಬಂದದ್ದು ದೇವರಮನೆಯ ಬಾಗಿಲು, ಅವರ ಎಣ್ಣೆಯ ಬಟ್ಟೆ, ಅಮ್ಮನ ಮುಖ. "ಹೌದು ಮೇಸ್ತ್ರಿ, ಒಂದಿನ ನೋಡಣ" ಎಂದು ನಕ್ಕು ಬೈಕ್ ಹತ್ತಿದೆ. ಆ ಒಂದಿನ ಎನ್ನುವ ಮಾತಿನಲ್ಲಿ ನಾವು ಎಷ್ಟು ಜನರನ್ನು ಸಾಗಹಾಕುತ್ತೇವೆ ಎಂಬುದು ಎಲ್ಲರಿಗೂ ಗೊತ್ತಿದೆ, ಅವರಿಗೂ ಗೊತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಆ ನಾಲ್ಕು ನಟ್ಟುಗಳ ಕಡೆ ಗಾಡಿ ಸ್ವಲ್ಪ ಕಿರುಗುಟ್ಟತೊಡಗಿತು. ವಾರಕ್ಕೊಮ್ಮೆ ಕೈಯಲ್ಲಿ ಬಿಗಿ ಮಾಡಿದ್ದರೆ ಮುಗಿಯುತ್ತಿತ್ತು. ನನಗೆ ಅದೂ ಸೋಮಾರಿತನ. ಹೇಗಿದ್ದರೂ ಒಳಗೆ ಬಂದಾಗಿದೆ, ಇನ್ನು ಬಿಚ್ಚುವುದು ಯಾತಕ್ಕೆ ಎಂದು ಚಿಕ್ಕನಾಯಕನಹಳ್ಳಿಯಿಂದ ನೆಂಟರ ಪೈಕಿ ವೆಲ್ಡಿಂಗ್ ಕೆಲಸದವನೊಬ್ಬನನ್ನು ಕರೆಸಿದೆ. ಅವನು ಮೆಷಿನ್ನಿನ ಜೊತೆ ದೇವರಮನೆ ದಾಟಿಕೊಂಡು ಸೀದಾ ನಡುಕೋಣೆಗೆ ಬಂದ. ಅಟ್ಟದ ತುಂಬ ಒಣಗಿದ ಕಾಯಿ, ಕೆಳಗೆ ಕಿಡಿ ಹಾರಿಸಿ ನಾಲ್ಕೂ ಕಡೆ ಬೆಸುಗೆ ಹಾಕಿ, ಒಳಗೇ ಎಲೆ ಹಾಕಿಸಿಕೊಂಡು ಊಟ ಮಾಡಿ ಹೋದ. ಅವನ ಬಟ್ಟೆಯಲ್ಲಿದ್ದ ಎಣ್ಣೆ ಮೇಸ್ತ್ರಿಯ ಬಟ್ಟೆಯಲ್ಲಿದ್ದದ್ದಕ್ಕಿಂತ ಕಡಿಮೆಯೇನಿರಲಿಲ್ಲ.

ಇದನ್ನು ಮೇಸ್ತ್ರಿಗೆ ನಾನೇ ಹೇಳಿದೆ, ಒಳ್ಳೆ ಕೆಲಸ ಮಾಡಿದವನ ಹಾಗೆ.

"ವೆಲ್ಡ್ ಮಾಡ್ಸಿಬುಟ್ರಾ?" ಎಂದರು. ಕೈಯಲ್ಲಿದ್ದ ಬಟ್ಟೆಯನ್ನು ಎರಡು ಸಲ ಮಡಿಸಿದರು. "ನಾಕೂ?"

"ನಾಕೂ ಮೇಸ್ತ್ರಿ. ಈಗ ಅಲ್ಲಾಡಲ್ಲ."

"ಆಯ್ತು ಬುಡಿ. ಗಟ್ಟಿ ಇರ್ತದೆ."

ತಮ್ಮ ಕೆಲಸದ ಮೇಲೆ ಬೇರೆಯವನ ಕೈ ಬಿದ್ದದ್ದಕ್ಕೆ ಬೇಜಾರಾಗಿರಬೇಕು ಎಂದುಕೊಂಡೆ. ಆಮೇಲೆ ಅವರು ಗಾಡಿಯ ವಿಚಾರ ಕೇಳಲಿಲ್ಲ. ಸಿಕ್ಕಾಗ ಅಪ್ಪ ಚೆನ್ನಾಗಿದ್ದಾರಾ ಎನ್ನುವರು, ಕಾಯಿ ಹೇಗೆ ಹೋಯಿತು ಎನ್ನುವರು, ಅಷ್ಟೇ.

ಅವರು ಹೋದ ಸುದ್ದಿ ಮಂಡಿಯಲ್ಲಿ ತಿಳಿಯಿತು. ಮನೆಗೆ ಬಂದು ಹೇಳಿದಾಗ ಅಮ್ಮ ತೆಂಗಿನಗರಿ ಸೀಳುತ್ತಿದ್ದವಳು ನಿಲ್ಲಿಸಿದಳು.

"ಜಗ್ಲೀಲ್ ನಿಂತ್ಕಂಡು ಕೂಗ್ತಿದ್ರಲ್ಲ, ಅವ್ರಾ? ಪಾಪ. ಅವತ್ತು ಒಳೀಕೆ ಕರ್ದು ತೋರ್ಸಬಾರ್ದಾಗಿತ್ತೇನ್ಲಾ? ಅವ್ರು ಮಾಡಿದ್ದು ಅವ್ರಿಗೇ ಕಾಣಿಸ್ಲಿಲ್ವಲ್ಲ."

"ನೀನು ಏನಂತೀಯೋ ಅಂತ ಕರೀಲಿಲ್ಲ ಕಣಮ್ಮ."

"ನನ್ ಕೇಳಿದ್ಯಾ?"

ಕೇಳಿರಲಿಲ್ಲ. ಕೇಳಿದ್ದರೆ ಅವಳು ಏನೆನ್ನುತ್ತಿದ್ದಳೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲದೆ ಇರಬಹುದು. ಆದರೆ ಇಷ್ಟು ವರ್ಷ ಅಮ್ಮನ ಹೆಸರಿನಲ್ಲಿ ನಾನು ಬಚ್ಚಿಟ್ಟುಕೊಂಡಿದ್ದ ಅಡ್ಡಿ ನನ್ನದೇ ಎಂದು ಗೊತ್ತಾಗಿ ಅವಳ ಮುಂದೆ ನಿಲ್ಲಲಾಗಲಿಲ್ಲ.

ನಲವತ್ತನೇ ದಿನ ಕಳೆದ ಮೇಲೆ ಅವರ ಮನೆಗೆ ಹೋದೆ. ಅದಕ್ಕೆ ಮುಂಚೆ ಹೋಗುವ ಧೈರ್ಯವಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಅವರ ಹೆಂಡತಿ, "ಬನ್ನಿ ಅಣ್ಣ, ಒಳಗೆ ಬನ್ನಿ" ಎಂದು ಸೀದಾ ಒಳಕ್ಕೆ ಕರೆದು ಮಂಚದ ಮೇಲೆ ಹಾಸಿ ಕೂರಿಸಿದರು. ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ಬಂತು. ಗೋಡೆಯ ಮೊಳೆಯಲ್ಲಿ ಅವರ ಅಂಗಿಯ ಪಕ್ಕದಲ್ಲಿ, ಗ್ಯಾರೇಜಿನಲ್ಲಿದ್ದ ಆ ಮೂರು ಗಂಟಿನ ತೆಂಗಿನ ಹುರಿ ನೇತಾಡುತ್ತಿತ್ತು. ನಾನು ಅದರಿಂದ ಕಣ್ಣು ತೆಗೆದೆ.

"ನಿಮ್ ಮನೆ ಕಾರಿನ್ ಮಾತು ಭಾಳ ಆಡೋರು ಅಣ್ಣ" ಎಂದರು ಆಕೆ. "ನಾಕೇ ನಟ್ಟು, ಕೈಯಲ್ಲೇ ಬಿಚ್ಬೋದು, ಹಂಗೇ ಎತ್ಕೊಂಡ್ ಬಂದು ಜಗ್ಲಿಗೆ ಹಾಕ್ಬೋದು, ಅಲ್ಲೊಂದ್ ಪ್ಲಗ್ಗೂ ಅದೆ, ಹೆಜ್ಜೆ ಹಾಕಿ ನೋಡಿದೀನಿ, ಸರ್ಯಾಗಿ ಹಿಡಿಸ್ತದೆ ಅನ್ನೋರು. ಅವ್ರ್ ಮನೆ ಒಳಗೆ ನಾನ್ ಹೋಗೋದೇ ಬ್ಯಾಡ, ಅವ್ರ್ಗೂ ಕಷ್ಟ ಆಗಬಾರ್ದು, ಅದ್ಕೇ ಹಂಗ್ ಮಾಡಿದೀನಿ, ಒಂದಿನ ಕರೀತಾರೆ ಅನ್ನೋರು. ಆಮೇಲಾಮೇಲೆ ಆ ಮಾತು ಆಡ್ಲಿಲ್ಲ. ಯಾಕೋ ನಂಗೇಳ್ಲಿಲ್ಲ."

ಬೆಸುಗೆ ಹಾಕಿಸಿದ್ದನ್ನು ಅವರು ಮನೆಯಲ್ಲಿ ಹೇಳಿರಲಿಲ್ಲ. ನನ್ನ ಮರ್ಯಾದೆಯನ್ನು ಹೆಂಡತಿಯ ಮುಂದೆಯೂ ಕಾಪಾಡಿದ್ದರು.

"ಕರೆದ್ರಾ ಅಣ್ಣ?" ಎಂದರು ಆಕೆ. "ಬಂದಿದ್ರಾ ಇವ್ರು?"

ಇಲ್ಲ ಎನ್ನುವುದಕ್ಕೆ ಒಂದೇ ಮಾತು ಸಾಕಿತ್ತು.

"ಬಂದಿದ್ರು ಕಣಮ್ಮ" ಎಂದೆ.

"ಓಡಿಸಿದ್ರಾ?"

"ಓಡಿಸಿದ್ರು. ಚೆನ್ನಾಗ್ ಓಡಿಸಿದ್ರು. ಎಲ್ಲೂ ಯಾರ್ಗೂ ತಾಗಿಸ್ಲಿಲ್ಲ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅಡುಗೆಮನೆಯಲ್ಲಿದ್ದ ಮಗಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು: "ಕೇಳ್ದೇನೇ? ನಿಮ್ಮಪ್ಪ ಹೋಗಿದ್ರಂತೆ. ಓಡಿಸಿದ್ರಂತೆ ಕಣೇ."

ನಾನು ತಲೆ ಬಗ್ಗಿಸಿಕೊಂಡು ಆ ಕಪ್ಪಿನಲ್ಲಿದ್ದ ಚಹಾವನ್ನೆಲ್ಲ ಕುಡಿದು ಮುಗಿಸಿದೆ.